ಜೋಕುಮಾರನ ಸಾವು, ಸಭಿಕರ ನಗೆ

ಸಾವು, ಹಿಂಸೆ, ಬಂಜೆತನದಂಥ ಸಂಗತಿಗಳನ್ನು ನಗೆಯ ವಸ್ತುವಾಗಿಸಿ, ನಕ್ಕವರನ್ನೇ ಆಮೇಲೆ ಮುಜುಗರಕ್ಕೆ ಸಿಕ್ಕಿಸುವ ನಾಟಕಗಳನ್ನು ಕರಾಳ ಹಾಸ್ಯದ ನಾಟಕಗಳೆಂದು ಕರೆಯುವ ರೂಢಿಯಿದೆ. ಕಾವ್ಯಶಾಸ್ತ್ರ ಇಂಥ ಬೆರಕೆಯನ್ನು ಸುಲಭವಾಗಿ ಒಪ್ಪಲಿಲ್ಲ. 14ನೆಯ ಶತಮಾನದ ವಿಶ್ವನಾಥ ತನ್ನ ‘ಸಾಹಿತ್ಯದರ್ಪಣ’ದಲ್ಲಿ ಕರುಣ ಮತ್ತು ಭಯಾನಕಗಳನ್ನು ಹಾಸ್ಯದ ವಿರೋಧಿ ರಸಗಳೆಂದು, ಅಂದರೆ ಒಂದರ ಜೊತೆ ಇನ್ನೊಂದು ಹೊಂದದವುಗಳೆಂದು, ಹೇಳುತ್ತಾನೆ. ಆದರೆ ಶಾಸ್ತ್ರ ಬೇರೆಬೇರೆ ಇಟ್ಟ ಈ ರಸಗಳನ್ನು ಮಧ್ಯ ಕರ್ನಾಟಕದ ಹಳ್ಳಿಗಳು ವರ್ಷವರ್ಷವೂ ಭಾದ್ರಪದದಲ್ಲಿ ಒಂದೇ ಬುಟ್ಟಿಯಲ್ಲಿ ಹೊತ್ತು ತಿರುಗಿವೆ.

ಆ ಬುಟ್ಟಿ ಜೋಕುಮಾರನದು. ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಸಾಯುವ ಈ ಅಲ್ಪಾಯುಷಿಯ ಮಣ್ಣಿನ ಮೂರ್ತಿಗೆ ಬಾಯ್ತುಂಬ ಬೆಣ್ಣೆ ಮೆತ್ತಿ, ಬೇವಿನ ಸೊಪ್ಪಿನ ನಡುವೆ ಕೂರಿಸಿ, ಹೆಣ್ಣುಮಕ್ಕಳು ಮನೆಮನೆಗೆ ತರುತ್ತಾರೆ; ಮೊರದಲ್ಲಿ ಜೋಳ ನೀಡಿಸಿಕೊಂಡು, ಅವನ ಪೋಲಿತನವನ್ನು ಮುಚ್ಚುಮರೆಯಿಲ್ಲದೆ ಹಾಡುತ್ತಾರೆ, ಅಂಗಳದಲ್ಲಿ ನಿಂತವರು ನಗುತ್ತಾರೆ. ಹುಣ್ಣಿಮೆಯ ರಾತ್ರಿ ಅದೇ ಜೋಕುಮಾರನನ್ನು ನೀರಿನ ದಂಡೆಯಲ್ಲಿ ಕೊಲ್ಲಲಾಗುತ್ತದೆ, ಮತ್ತು ಸತ್ತವನ ನರಳಾಟ ಕೇಳಿಸೀತೆಂದು ಅಗಸರು ಕೆಲವು ದಿನ ಅಲ್ಲಿನ ಬಟ್ಟೆ ಒಗೆಯುವ ಬಂಡೆಗಳತ್ತ ಸುಳಿಯಬಾರದೆಂಬ ನಂಬಿಕೆ ಹಲವೆಡೆ ಇದೆ. ದಾವಣಗೆರೆ, ಹರಿಹರದ ಸೀಮೆಯಲ್ಲಿ, ಹದಡಿಯಂಥ ಕೆರೆಯ ಊರುಗಳಲ್ಲಿ ಬೆಳೆದವರಿಗೆ ಕರಾಳ ಹಾಸ್ಯವೆಂಬ ಹೆಸರು ಹೊಸದಿರಬಹುದು, ಅದರ ರುಚಿ ಹೊಸದಲ್ಲ.

ಚಂದ್ರಶೇಖರ ಕಂಬಾರರು ಈ ಆಚರಣೆಯ ಬೆನ್ನು ಹತ್ತಿ ಬರೆದ ‘ಜೋಕುಮಾರಸ್ವಾಮಿ’ಯನ್ನು ಬಿ.ವಿ. ಕಾರಂತರು 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ನಡೆದ ನಾಟಕೋತ್ಸವದಲ್ಲಿ ಆಡಿಸಿದರು. ಲಂಕೇಶರು ಅನುವಾದಿಸಿದ ‘ದೊರೆ ಈಡಿಪಸ್’ ಮತ್ತು ಅವರದೇ ‘ಸಂಕ್ರಾಂತಿ’ ಆ ಉತ್ಸವದ ಉಳಿದೆರಡು ನಾಟಕಗಳು. ಬಯಲಾಟದ ಸೂತ್ರಧಾರ ಮತ್ತು ಹಿಮ್ಮೇಳವನ್ನು ಇಟ್ಟುಕೊಂಡೇ ಸಾಗುವ ಈ ನಾಟಕದಲ್ಲಿ ಗಣಪತಿಗೆ ಸಲ್ಲಬೇಕಾದ ಮೊದಲ ಪೂಜೆ ಜೋಕುಮಾರಸ್ವಾಮಿಗೆ ಸಲ್ಲುತ್ತದೆ, ತಮಾಷೆ ಅಲ್ಲಿಂದಲೇ ಶುರು. ಬಂದೂಕಿನ ಬಲದಿಂದ ಊರವರ ಹೊಲ ನುಂಗುವ ಗೌಡನಿಗೆ ಮಕ್ಕಳನ್ನು ಹುಟ್ಟಿಸುವ ಶಕ್ತಿಯಿಲ್ಲ. ಜೋಕುಮಾರಸ್ವಾಮಿಯೆಂದು ಪೂಜೆಗೊಂಡ ಪಡವಲಕಾಯಿಯನ್ನು ಗಂಡನಿಗೆ ಉಣಿಸಿದರೆ ಬಸಿರು ನಿಂತೀತೆಂಬ ಆಸೆಯಿಂದ ಗೌಡ್ತಿ ಅಡುಗೆ ಮಾಡಿ ಹೊಲಕ್ಕೆ ಒಯ್ದರೆ, ಕತ್ತಲಲ್ಲಿ ಅದನ್ನು ಉಂಡವನು ಗೌಡನಿಗೆ ಎದುರು ನಿಂತ ರೈತ ಬಸಣ್ಣ. ಸಭೆ ಹೊಟ್ಟೆ ಹುಣ್ಣಾಗುವಂತೆ ನಗುವುದಕ್ಕೆ ಬೇಕಾದ್ದೆಲ್ಲ ಇಲ್ಲಿದೆ. ಆದರೆ ಬಸಣ್ಣನಿಗೆ ಕಾದಿರುವುದು ಜೋಕುಮಾರನ ಗತಿಯೇ, ಗೌಡನ ಆಳುಗಳು ಅವನನ್ನು ಕೊಲ್ಲುತ್ತಾರೆ.

ಇಂಥ ನಾಟಕದಲ್ಲಿ ನೋಡುಗರಿಗೂ ವಿಮರ್ಶಕರಿಗೂ ತಕರಾರು ಹುಟ್ಟುವ ಜಾಗ ಒಂದೇ ಅಲ್ಲ. ನೋಡುಗ ನಕ್ಕದ್ದು ಗೌಡನ ಕೊರತೆಗೆ. ವಿಮರ್ಶೆ ಕೇಳುವುದು ಆ ಕೊರತೆಯಿಂದ ರಾಜಕೀಯ ಏನಾಯಿತೆಂದು. ಉಳುವವನೇ ಹೊಲದೊಡೆಯನೆಂಬ ಮಾತು ಎಲ್ಲೆಡೆ ಕೇಳಿಬರುತ್ತಿದ್ದ ಕಾಲದ ನಾಟಕವಿದು, ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂದದ್ದು 1974ರಲ್ಲಿ. ಉತ್ತಿ ಬಿತ್ತುವವನಿಗೇ ನೆಲ, ಅವನಿಗೇ ಫಲ ಎಂಬ ಸಮೀಕರಣ ರಂಗದ ಮೇಲೆ ಬಲವಾಗಿ ಕಂಡರೂ, ದಬ್ಬಾಳಿಕೆಯನ್ನು ಗಂಡಸುತನದ ಲೆಕ್ಕದಲ್ಲಿ ಅಳೆಯುವುದು ಸರಿಯೇ, ಹೆಣ್ಣನ್ನು ಹೊಲದ ಸಾಲಿಗೆ ಸೇರಿಸಿದಂತಾಗಲಿಲ್ಲವೇ ಎಂಬ ಪ್ರಶ್ನೆಗಳನ್ನು ತಳ್ಳಿಹಾಕುವಂತಿಲ್ಲ. ನಾಟಕದ ಅಶ್ಲೀಲತೆಯ ಕುರಿತ ಆಕ್ಷೇಪ ಮಾತ್ರ ಇವುಗಳ ಮುಂದೆ ಸಪ್ಪೆ, ಏಕೆಂದರೆ ಜೋಕುಮಾರನ ಹಾಡು ಕೇಳಿದ ಅಜ್ಜಿಯರಿಗೆ ನಾಟಕದ ಭಾಷೆ ಸಭ್ಯವಾಗಿಯೇ ತೋರೀತು.

‘ಜೋಕುಮಾರಸ್ವಾಮಿ’ ರಂಗಕ್ಕೆ ಬಂದ 1972ರಲ್ಲೇ ಡಿಸೆಂಬರ್ 16ರಂದು ಪುಣೆಯಲ್ಲಿ ಮೊದಲ ಪ್ರದರ್ಶನ ಕಂಡ ವಿಜಯ ತೆಂಡೂಲ್ಕರರ ‘ಘಾಶೀರಾಮ್ ಕೋತ್ವಾಲ್’ ಕೂಡ ಹಾಡು, ಕುಣಿತ, ನಗೆಗಳಲ್ಲಿ ಸುತ್ತಿಟ್ಟ ಕ್ರೌರ್ಯದ ಕಥೆಯೇ. ಪೇಶ್ವೆಗಳ ಕಾಲದ ನಾನಾ ಫಡ್ನವೀಸನನ್ನು ಲಂಪಟನಂತೆ ತೋರಿಸಿ ಬ್ರಾಹ್ಮಣ ಸಮುದಾಯವನ್ನು ಅವಮಾನಿಸಲಾಗಿದೆಯೆಂಬ ಗದ್ದಲವೆದ್ದು, 19 ಪ್ರದರ್ಶನಗಳ ಬಳಿಕ ತಂಡವೇ ಅದನ್ನು ನಿಲ್ಲಿಸಿತು. ಹೊರಬಂದ ಕಲಾವಿದರು ಥಿಯೇಟರ್ ಅಕಾಡೆಮಿ ಕಟ್ಟಿಕೊಂಡು 1974ರಲ್ಲಿ ಮತ್ತೆ ಆಡಿದರು. ಕಂಬಾರರ ಗೌಡ ಊರ ಗೌಡನೇ ಹೊರತು ಚರಿತ್ರೆಯ ಪುರುಷನಲ್ಲ, ಹಾಗಾಗಿ ಅವನ ಪರ ವಕಾಲತ್ತು ವಹಿಸಿದವನು ತಾನೇ ಆ ಗೌಡನೆಂದು ಒಪ್ಪಿಕೊಂಡಂತಾಗುತ್ತದೆ. ತೆಂಡೂಲ್ಕರರ ನಾನಾನಿಗೆ ವಾರಸುದಾರರಿದ್ದರು. ಎರಡು ನಾಟಕಗಳ ಹಣೆಬರಹ ಬೇರೆಯಾದದ್ದಕ್ಕೆ ಅವುಗಳ ಕ್ರೌರ್ಯದ ಪ್ರಮಾಣಕ್ಕಿಂತ ಈ ಹೆಸರಿನ ವ್ಯತ್ಯಾಸವೇ ದೊಡ್ಡ ಕಾರಣವೆನ್ನಬೇಕು.

ನೋಡುಗನಿಗೆ ಬಾಗಿಲಲ್ಲಿ ಏನು ಹೇಳಿ ಒಳಗೆ ಕರೆದರು ಎಂಬುದೂ ಸಣ್ಣ ಮಾತಲ್ಲ. ಸ್ಯಾಮ್ಯುಯೆಲ್ ಬೆಕೆಟ್‌ನ ‘ವೇಟಿಂಗ್ ಫಾರ್ ಗೋಡೋ’ ನಾಟಕವನ್ನು 1956ರ ಜನವರಿಯಲ್ಲಿ ಅಮೆರಿಕದ ಮಯಾಮಿಯಲ್ಲಿ ಎರಡು ಖಂಡಗಳನ್ನೇ ನಗಿಸಿದ ನಾಟಕವೆಂದು ಜಾಹೀರು ಮಾಡಿ ಆಡಿದಾಗ, ರಜೆಯ ಮೋಜಿಗೆ ಬಂದಿದ್ದವರಲ್ಲಿ ಬಹಳ ಮಂದಿ ಮೊದಲ ಅಂಕಕ್ಕೇ ಎದ್ದು ನಡೆದರು. ಮರುವರ್ಷ ನವೆಂಬರ್‌ನಲ್ಲಿ ಸ್ಯಾನ್ ಕ್ವೆಂಟಿನ್ ಸೆರೆಮನೆಯ ಸುಮಾರು 1400 ಕೈದಿಗಳು ಅದೇ ನಾಟಕವನ್ನು ಕದಲದೆ ನೋಡಿದರು. ಬಾರದವನಿಗಾಗಿ ಕಾಯುವುದೆಂದರೇನೆಂದು ಅವರಿಗೆ ಯಾವ ವಿಮರ್ಶಕನೂ ವಿವರಿಸಬೇಕಿರಲಿಲ್ಲ.

ನೋಡುಗನ ನಿರೀಕ್ಷೆ ಜಾಹೀರಾತಿನಿಂದ ಮಾತ್ರವಲ್ಲ, ರೂಢಿಯಿಂದಲೂ ಹುಟ್ಟುತ್ತದೆ. ದಾವಣಗೆರೆಯ ನೋಡುಗರ ಅಭಿರುಚಿಯನ್ನು ರೂಪಿಸಿದ್ದು ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯಂಥ ವೃತ್ತಿ ತಂಡಗಳು. ಕಂಪನಿ ನಾಟಕದಲ್ಲಿ ನಗೆಗೂ ಅಳುವಿಗೂ ಬೇರೆಬೇರೆ ಜಾಗವಿದೆ: ಮುಂದೆ ಬೀದಿಯ ಚಿತ್ರದ ಪರದೆ ಇಳಿದು ಹಾಸ್ಯದ ಜೋಡಿ ಸಭೆಯನ್ನು ನಗಿಸುತ್ತಿರುವಾಗ, ಹಿಂದೆ ಮುಂದಿನ ಗೋಳಿನ ದೃಶ್ಯಕ್ಕೆ ಅರಮನೆಯೋ ಗುಡಿಸಲೋ ಸಜ್ಜಾಗುತ್ತಿರುತ್ತದೆ, ಮತ್ತು ಪರದೆ ಎದ್ದಾಗ ನೋಡುಗ ನಗೆಯನ್ನು ಅಲ್ಲೇ ಬಿಟ್ಟು ಅಳಲು ಸಿದ್ಧನಾಗುತ್ತಾನೆ. ‘ಜೋಕುಮಾರಸ್ವಾಮಿ’ಯಲ್ಲಿ ಆ ಪರದೆಯೇ ಇಲ್ಲ. ಪಡವಲಕಾಯಿಗೆ ನಕ್ಕ ಬಾಯಿ ಇನ್ನೂ ಮುಚ್ಚಿರುವುದಿಲ್ಲ, ಅಷ್ಟರಲ್ಲಿ ಬಸಣ್ಣನ ಸುತ್ತ ಗೌಡನ ಆಳುಗಳು ನೆರೆದಿರುತ್ತಾರೆ.