ಕಡಜದ ಗೂಡಿಗೆ ಕಲ್ಲೆಸೆಯುವ ಮುನ್ನ

ಕಿಟಕಿಯ ಮೂಲೆ, ತಾರಸಿಯ ಅಂಚು, ಮೆಟ್ಟಿಲಿನ ಅಡಿ ಹೀಗೆ ಎಲ್ಲೆಂದರಲ್ಲಿ ಗೂಡು ಕಟ್ಟುವ ಹುಳು ಕಡಜ. ಕಣಜದ ಹುಳು ಎಂದೂ ಕರೆಯುವುದುಂಟು. ಗೂಡು ಕಂಡೊಡನೆ ಪೊರಕೆ ಹಿಡಿಯಬೇಡಿ. ಅದು ಯಾವ ಬಗೆಯದೆಂದು ಮೊದಲು ದೂರದಿಂದಲೇ ನೋಡಿ.

ಮಣ್ಣಿನ ಗೂಡಾದರೆ ಭಯ ಬೇಡ. ಅದು ಒಂಟಿ ಕಡಜದ ಕೆಲಸ. ತಾಯಿ ಹುಳು ಮರಿಯ ಆಹಾರಕ್ಕೆಂದು ಜೇಡವನ್ನೋ ಎಲೆಹುಳುವನ್ನೋ ಒಳಗಿಟ್ಟು ಬಾಯಿ ಮುಚ್ಚಿ ಹೋಗುತ್ತದೆ. ಸಾಮಾನ್ಯವಾಗಿ ಕಾವಲಿಗೆ ನಿಲ್ಲುವುದಿಲ್ಲ.

ಕಾಗದದಂಥ ಗೂಡಿನ ಮಾತೇ ಬೇರೆ. ಸಸ್ಯದ ನಾರನ್ನು ಅಗಿದು ಎಂಜಲು ಬೆರೆಸಿ ಕಟ್ಟಿದ ಈ ಗೂಡಿನಲ್ಲಿ ಇಡೀ ಸಂಸಾರವೇ ಇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ದಶಕಗಳ ಕಾಲ ಅಭ್ಯಸಿಸಿದ್ದು ಇಂಥ ಸಂಸಾರವನ್ನೇ. ಗೂಡು ಅಲುಗಿದರೆ ಹಲವು ಕಡಜಗಳು ಒಟ್ಟಿಗೇ ಮೈಮೇಲೆರಗುತ್ತವೆ. ಜೇನಿನಂತೆ ಇವುಗಳ ಮುಳ್ಳು ಚರ್ಮದಲ್ಲಿ ಉಳಿಯುವುದಿಲ್ಲವಾದ್ದರಿಂದ ಒಂದೇ ಹುಳು ಮತ್ತೆ ಮತ್ತೆ ಕುಟುಕಬಲ್ಲದು.

ಓಡಾಟವಿಲ್ಲದ ಕಡೆ ಗೂಡಿದ್ದರೆ ಬಿಟ್ಟುಬಿಡಿ. ತೋಟದ ಹುಳುಗಳನ್ನು ಹಿಡಿದು ಅವು ಉಪಕಾರವನ್ನೇ ಮಾಡುತ್ತವೆ. ಬಾಗಿಲ ಬಳಿಯಿದ್ದರೆ ಅನುಭವಸ್ಥರನ್ನು ಕರೆಸಿ ತೆಗೆಸಿ. ಕಲ್ಲು, ಬೆಂಕಿ, ಸೀಮೆಎಣ್ಣೆಯ ಸಾಹಸ ಬೇಡವೆಂದು ಮಕ್ಕಳಿಗೂ ತಿಳಿಹೇಳಿ.

ಕುಟುಕಿದರೆ ಅಲ್ಲಿಂದ ದೂರ ಸರಿದು, ಸೋಪಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ತುಟಿ, ನಾಲಿಗೆ ಊದಿಕೊಂಡರೆ, ಉಸಿರಾಟ ಕಷ್ಟವಾದರೆ, ತಲೆ ಸುತ್ತಿದರೆ, ಹಲವು ಹುಳುಗಳು ಕುಟುಕಿದ್ದರೆ ಮನೆಮದ್ದೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.