ಮಾಪಕ ಮುಚ್ಚಿದ ಮೇಲಿನ ಪರೀಕ್ಷೆ

ಚಾಕಿ ಹುಳುವಿನ, ಅಂದರೆ ಎಳೆಯ ರೇಷ್ಮೆಹುಳುವಿನ, ಕೋಣೆಯಲ್ಲಿ ಸಾಪೇಕ್ಷ ಆರ್ದ್ರತೆ ಶೇ. 80ರಿಂದ 90ರ ನಡುವೆ ಇರಬೇಕು; ಹುಳು ಐದನೇ ಹಂತಕ್ಕೆ ಬರುವ ಹೊತ್ತಿಗೆ ಅದು ಶೇ. 70ರ ಆಸುಪಾಸಿಗೆ ಇಳಿಯಬೇಕು. ಗಾಳಿ ಒಣಗಿದರೆ ಸೊಪ್ಪು ಬಾಡಿ ಎಳೆಹುಳು ಮೇವು ಬಿಡುತ್ತದೆ. ದೊಡ್ಡ ಹುಳುವಿಗೆ ತೇವ ಹೆಚ್ಚಾದರೆ ಸುಣ್ಣಕಟ್ಟು ರೋಗಕ್ಕೆ ದಾರಿಯಾಗುತ್ತದೆ. ಕಿಟಕಿ ತೆರೆಯಬೇಕೋ ನೀರು ಚಿಮುಕಿಸಬೇಕೋ ಎಂಬುದನ್ನು ಇಂದು ಅನೇಕ ಕಡೆ ತೀರ್ಮಾನಿಸುವುದು ಅಂಗೈಯಗಲದ ಡಿಜಿಟಲ್ ಮಾಪಕ. ಅಂಥ ಮಾಪಕವನ್ನು ಬಿಚ್ಚಿ, ಶುಚಿಮಾಡಿ, ಮತ್ತೆ ಜೋಡಿಸುವವರು ಅದನ್ನು ಎರಡು ಸಲ ಪರೀಕ್ಷಿಸಲೇಬೇಕು: ಬಿಚ್ಚುವ ಮುನ್ನ ಒಮ್ಮೆ, ಮುಚ್ಚಿದ ಮೇಲೆ ಇನ್ನೊಮ್ಮೆ.

ಕಾರಣ ಮಾಪಕದ ಒಳಗೇ ಇದೆ. ಬಹುತೇಕ ಕೈಮಾಪಕಗಳ ಜೀವಾಳ ಒಂದು ಪುಟ್ಟ ಬಿಲ್ಲೆ. ಅದರಲ್ಲಿ ಎರಡು ಎಲೆಕ್ಟ್ರೋಡುಗಳ ನಡುವೆ ತೆಳುವಾದ ಪಾಲಿಮರ್ ಪದರವಿರುತ್ತದೆ. ಅದು ನೀರಾವಿಯನ್ನು ಹೀರಿದಷ್ಟೂ ವಿದ್ಯುತ್ ಧಾರಣಶಕ್ತಿ ಏರುತ್ತದೆ. ಸರ್ಕ್ಯೂಟು ಆ ಏರಿಕೆಯನ್ನು ಶೇಕಡಾ ಲೆಕ್ಕಕ್ಕೆ ಇಳಿಸುತ್ತದೆ. ನೀರಾವಿ ಹೀರುವ ಪದರ ಅಂಟು, ದ್ರಾವಕಗಳ ಆವಿಯನ್ನೂ ಹೀರಬಲ್ಲದು. ಬೆರಳಿನ ಜಿಡ್ಡೂ ಅದಕ್ಕೆ ಆಗಿಬರುವುದಿಲ್ಲ. ಮೂತಿಯ ಜಾಲರಿಗೆ ದೂಳು ಕಟ್ಟಿದರೆ ಅಂಕಿ ನಿಧಾನಿಸುತ್ತದೆ. ಜೋಡಿಸುವಾಗ ಸೆನ್ಸರ್ ಸರ್ಕ್ಯೂಟಿನ ಬೆಚ್ಚನೆಯ ಭಾಗಕ್ಕೆ ಒತ್ತಿಕೊಂಡರೆ ತೊಂದರೆ ಇನ್ನೂ ಗುಟ್ಟಾದದ್ದು. 25 ಡಿಗ್ರಿಯ, ಶೇ. 75 ಆರ್ದ್ರತೆಯ ಗಾಳಿಯಲ್ಲಿ ಸೆನ್ಸರ್ ಒಂದೇ ಡಿಗ್ರಿ ಹೆಚ್ಚು ಬಿಸಿಯಿದ್ದರೂ ಅದು ಸುಮಾರು ಶೇ. 71 ತೋರಿಸುತ್ತದೆ. ಮೇಜಿನ ಮೇಲೆ ಬಿಚ್ಚಿಟ್ಟಾಗ ಸರಿಯಿದ್ದದ್ದು ಪೆಟ್ಟಿಗೆ ಸೇರಿದ ಮೇಲೆ ತಪ್ಪಾಗುವುದು ಹೀಗೆ.

ಪರೀಕ್ಷೆಗೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಶುದ್ಧ ಸೋಡಿಯಂ ಕ್ಲೋರೈಡಿಗೆ ಹರಳು ಪೂರ್ತಿ ಕರಗದಷ್ಟು ನೀರು ಬೆರೆಸಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ, 25 ಡಿಗ್ರಿಯಲ್ಲಿ ಒಳಗಿನ ಆರ್ದ್ರತೆ ಶೇ. 75.3ಕ್ಕೆ ನಿಲ್ಲುತ್ತದೆ, ಮೆಗ್ನೀಸಿಯಂ ಕ್ಲೋರೈಡಾದರೆ ಶೇ. 32.8, ಪೊಟ್ಯಾಸಿಯಂ ಕ್ಲೋರೈಡಾದರೆ ಶೇ. 84.3. ಕರಗದ ಹರಳು ಉಳಿದಿರುವ ತನಕ ನೀರು ತುಸು ಹೆಚ್ಚುಕಡಿಮೆಯಾದರೂ ಈ ಮಟ್ಟ ಕದಲದು. ಡಬ್ಬಿಯೊಳಗಿಟ್ಟ ಮಾಪಕ ಉಪ್ಪಿಗೆ ತಾಗಬಾರದು. ಎಲ್ಲವೂ ಒಂದೇ ಬಿಸಿಗೆ ಬರಲು ಹಲವು ಗಂಟೆ ಬಿಡಬೇಕು.

ಅಡಿಗೆಯುಪ್ಪಿನ ಒಂದೇ ಡಬ್ಬಿ ಸಾಲದೇ ಎಂದು ಕೇಳಬಹುದು. ಶೇ. 75ರಲ್ಲಿ 72 ತೋರಿಸುವ ಮಾಪಕಕ್ಕೆ ಮೂರು ಕೂಡಿಸಿದರೆ ಅಲ್ಲಿಗೆ ಸರಿ. ಆದರೆ ಅದೇ ಮಾಪಕ ಶೇ. 33ರಲ್ಲಿ 36 ತೋರಿಸುತ್ತಿದ್ದರೆ, ತಿದ್ದುಪಡಿಯ ನಂತರ 39 ಎನ್ನುತ್ತದೆ. ಬೇಸಿಗೆಯಲ್ಲಿ ಕೋಣೆ ಎಷ್ಟು ಒಣಗಿದೆ ಎಂಬುದನ್ನೇ ಮುಚ್ಚಿಡುತ್ತದೆ. ಆದ್ದರಿಂದ ಒಣ ತುದಿಗೊಂದು, ತೇವದ ತುದಿಗೊಂದು ಡಬ್ಬಿ ಬೇಕು. ಒದ್ದೆ-ಒಣ ಬಲ್ಬಿನ ಹಳೆಯ ಥರ್ಮಾಮೀಟರೇ ವಾಸಿ ಎಂಬ ವಾದಕ್ಕೂ ಹುರುಳಿದೆ. ಆದರೆ ಬಟ್ಟೆ ಕೊಳೆಯಾಗಿದ್ದರೆ, ಗಾಳಿ ಸಾಕಷ್ಟು ಬೀಸದಿದ್ದರೆ ಅದೂ ದಾರಿ ತಪ್ಪುತ್ತದೆ. ತಾಳೆ ನೋಡಲು ಅದು ಒಳ್ಳೆಯದು, ಅಷ್ಟೇ. ಹೊಸದನ್ನೇ ಕೊಳ್ಳಬಹುದಲ್ಲ ಎಂಬುದು ಮೂರನೆಯ ಮಾತು. ಹೊಸದು ನಾಳೆಯ ಅಂಕಿಯನ್ನು ಕೊಡಬಲ್ಲದು; ಹಳೆಯದು ಈವರೆಗೆ ಎಷ್ಟು ತಪ್ಪುತ್ತಿತ್ತು ಎಂದು ಹೇಳಲಾರದು. ಕಳೆದ ಬೆಳೆ ಹಾಳಾದದ್ದು ರೋಗದಿಂದಲೋ ತಪ್ಪು ಅಂಕಿಯನ್ನು ನಂಬಿದ್ದರಿಂದಲೋ ಎಂದು ತಿಳಿಯಲು ಬೇಕಾದ ಸಾಕ್ಷ್ಯ ಬಿಚ್ಚುವ ಮುನ್ನಿನ ಪರೀಕ್ಷೆಯಲ್ಲಿದೆ. ಸ್ಕ್ರೂ ಸಡಿಲಿಸಿದ ಮೇಲೆ ಅದು ಮತ್ತೆ ಸಿಗುವುದಿಲ್ಲ.