ತಡೆ ಒಂದು, ಕೆಲಸ ಎರಡು

ಇಂಗ್ಲಿಷಿನ ‘ವಿತ್’ ಎಂದರೆ ‘ಜೊತೆಗೆ’ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಹಾಗಾದರೆ ‘ವಿತ್‌ಹೋಲ್ಡ್’ನಲ್ಲಿ ಯಾರ ಜೊತೆ? ಕೊಡಬೇಕಾದ್ದನ್ನು ಕೊಡದೆ ಕೈಯಲ್ಲೇ ಇಟ್ಟುಕೊಳ್ಳುವ ಕೆಲಸಕ್ಕೆ ಜೊತೆ ಯಾಕೆ ಬೇಕು?

ಈ ಎಳೆ ಹಿಡಿದು ಹೋದರೆ ಬೆರಗೇ ಬೆರಗು! ಹಳೆಯ ಇಂಗ್ಲಿಷಿನಲ್ಲಿ ‘ವಿತ್’ ಎಂದರೆ ‘ಎದುರಾಗಿ, ವಿರುದ್ಧವಾಗಿ’ ಎಂದೇ ಮುಖ್ಯ ಅರ್ಥ. ‘ಜೊತೆಗೆ’ ಎನ್ನಲು ಆಗ ‘ಮಿಡ್’ ಎಂಬ ಬೇರೆಯೇ ಪದವಿತ್ತು. ಅದು ಕ್ರಮೇಣ ಮರೆಯಾಗಿ ಅದರ ಜಾಗದಲ್ಲಿ ‘ವಿತ್’ ಬಂದು ಕೂತಿತು. ಸೂಲಗಿತ್ತಿಯನ್ನು ‘ಮಿಡ್‌ವೈಫ್’ ಅನ್ನುವಾಗ ಆ ಹಳೆಯ ‘ಮಿಡ್’ ಇನ್ನೂ ಉಸಿರಾಡುತ್ತದೆ: ಹೆರುವವಳ ಜೊತೆಗಿರುವ ಹೆಂಗಸು. ‘ವಿತ್‌ಸ್ಟ್ಯಾಂಡ್’ ಅಂದರೆ ಎದುರಾಗಿ ನಿಲ್ಲುವುದು; ‘ವಿತ್‌ಹೋಲ್ಡ್’ನಲ್ಲಿ ಅದೇ ‘ವಿತ್’ ‘ಹಿಂದಕ್ಕೆ’ ಎಂಬತ್ತ ಹೊರಳಿದೆ, ಅಂದರೆ ಹಿಂದಕ್ಕೆ ಹಿಡಿಯುವುದು. ಒಂದು ತನ್ನ ಮೇಲೆ ಬಂದದ್ದನ್ನು ತಾಳಿಕೊಳ್ಳುವುದು, ಇನ್ನೊಂದು ಬೇರೆಯವರಿಗೆ ಹೋಗಬೇಕಾದ್ದನ್ನು ಬಿಡದಿರುವುದು.

ಈಗ ಯಾದಗಿರಿ ಸೀಮೆಗೆ ಬನ್ನಿ. ಮುದನಾಳದಲ್ಲಾಗಲಿ, ಶಹಾಪುರ, ಸುರಪುರದಲ್ಲಾಗಲಿ ಈ ಎರಡೂ ಕೆಲಸಕ್ಕೆ ಇರುವುದು ಒಂದೇ ಮಾತು: ತಡೆ! ಹರಿಯುವ ನೀರನ್ನು ತಡೀತಾರೆ. ‘ತೊಗರಿ ಬರ ತಡೀತದ’ ಅಂತಾರೆ. ನಗು ಉಕ್ಕಿ ಬಂದರೆ ‘ತಡ್ಕೊಳ್ಳಾಕ ಆಗ್ಲಿಲ್ಲ’. ಅವಸರ ಮಾಡುವವರಿಗೆ ‘ಜರಾ ತಡೀರಿ’. ನಿಲ್ಲಿಸುವುದು, ಸಹಿಸುವುದು, ಅದುಮಿಡುವುದು, ಕಾಯುವುದು, ನಾಲ್ಕೂ ಒಂದೇ ಧಾತುವಿನಲ್ಲಿ. ತಮಿಳಿನ ‘ತಡು’ ಇದರ ಒಡಹುಟ್ಟು. ಅಲ್ಲಿ ಅಡ್ಡಗಟ್ಟುವ ಅರ್ಥವೇ ಮುಂದು. ಸಹಿಸುವುದನ್ನೂ ಕಾಯುವುದನ್ನೂ ಇಷ್ಟು ಧಾರಾಳವಾಗಿ ಒಳಗೆ ಕರೆದುಕೊಂಡದ್ದು ನಮ್ಮ ‘ತಡೆ’.

ಇದನ್ನು ಕಣ್ಣಾರೆ ನೋಡಬೇಕೆಂದರೆ ನಾರಾಯಣಪುರಕ್ಕೆ ಹೋಗಬೇಕು. ಕೃಷ್ಣೆಗೆ ಅಡ್ಡಲಾಗಿ ಹತ್ತು ಕಿಲೋಮೀಟರಿಗೂ ಉದ್ದ ಮಲಗಿರುವ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. ಸುಮಾರು 33 ಟಿಎಂಸಿ ನೀರು ಅದರ ಬೆನ್ನಿಗೆ ಒರಗಿ ನಿಲ್ಲುತ್ತದೆ. ಆ ಗೋಡೆ ನೀರನ್ನು ತಡೆಯುತ್ತದೆ, ನೀರಿನ ಒತ್ತಡವನ್ನೂ ತಡೆಯುತ್ತದೆ! ಎರಡನೆಯದು ಆಗದಿದ್ದರೆ ಮೊದಲನೆಯದೂ ಆಗದು. ಎಂಜಿನಿಯರುಗಳು ಪುಟಗಟ್ಟಲೆ ಲೆಕ್ಕ ಹಾಕಿ ಕಾಣುವ ಈ ನಂಟು ನಮ್ಮ ಒಂದು ಕ್ರಿಯಾಪದದಲ್ಲಿ ಮೊದಲೇ ಕೂತಿದೆ. ಅಲ್ಲಿಂದ ಹೊರಡುವ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಹೊಲಗಳಿಗೆ ನೀರು ಕೊಡುತ್ತದೆ. ತಡೆದಿಟ್ಟದ್ದು ಬಿಡುವುದಕ್ಕೇ.

‘ನಿರಾಕರಿಸು’ ಎಂಬುದಕ್ಕೂ ‘ತಡೆಹಿಡಿ’ ಎಂಬುದಕ್ಕೂ ಇರುವ ದೂರವೂ ಇಲ್ಲೇ ಹೊಳೆಯಿತು. ನಿರಾಕರಿಸಿದರೆ ಮಾತು ಮುಗಿಯಿತು. ತಡೆಹಿಡಿದರೆ ವಸ್ತು ಇದೆ, ಕೈಯಲ್ಲೇ ಇದೆ, ಇನ್ನೂ ದಾಟಿಲ್ಲ, ಅಷ್ಟೆ. ತಡೆಹಿಡಿದ ಪರೀಕ್ಷಾ ಫಲಿತಾಂಶ, ತಡೆಹಿಡಿದ ಸಂಬಳ, ಎಲ್ಲವೂ ಈ ನಡುವಿನ ಜಾಗದಲ್ಲಿ ತೂಗಾಡುತ್ತವೆ. ಹಾಗೆ ಕೊನೆಯಿಲ್ಲದೆ ತೂಗಾಡಿಸುವುದು ಅನ್ಯಾಯವೆಂದು 2005ರ ಮಾಹಿತಿ ಹಕ್ಕು ಕಾಯ್ದೆಗೂ ಗೊತ್ತು: ಸಾಮಾನ್ಯವಾಗಿ 30 ದಿನದೊಳಗೆ ಅಧಿಕಾರಿ ತೀರ್ಮಾನ ಹೇಳದಿದ್ದರೆ ಅದನ್ನು ನಿರಾಕರಣೆಯೆಂದೇ ಎಣಿಸಿ ಮೇಲ್ಮನವಿ ಹಾಕಬಹುದು. ಮೌನಕ್ಕೂ ಅರ್ಥ ಕಟ್ಟಿಕೊಟ್ಟ ಈ ಕಲಮು ನನಗೆ ತುಂಬಾ ಇಷ್ಟ. ಸಂವಿಧಾನದ 200ನೇ ವಿಧಿಯಲ್ಲಂತೂ ಮಸೂದೆಗೆ ಅಂಕಿತ ಹಾಕುವುದು, ಅಂಕಿತ ತಡೆಹಿಡಿಯುವುದು, ರಾಷ್ಟ್ರಪತಿಗೆ ಕಾಯ್ದಿರಿಸುವುದು ಎಂದು ರಾಜ್ಯಪಾಲರ ಮುಂದೆ ಮೂರು ದಾರಿ.

ಕಾಯ್ದಿರಿಸುವುದು! ಅದರೊಳಗಿರುವ ‘ಕಾಯು’ ನೋಡಿದಿರಾ? ‘ವಿತ್‌ಹೋಲ್ಡ್’ನ ಉಳಿದರ್ಧ, ಆ ‘ಹೋಲ್ಡ್’, ಎಲ್ಲಿಂದ ಬಂತು ಗೊತ್ತೇ? 4ನೇ ಶತಮಾನದಲ್ಲಿ ಗಾಥಿಕ್ ಭಾಷೆಗೆ ಅನುವಾದವಾದ ಬೈಬಲ್ಲಿನಲ್ಲಿ ಅದರ ಸೋದರ ಪದ ‘ಹಾಲ್ಡನ್’ ಸಿಗುತ್ತದೆ. ಅಲ್ಲಿ ಅದರ ಅರ್ಥ ಹಿಂಡು ಮೇಯಿಸುವುದು, ಅಂದರೆ ಕಾಯುವುದು. ದನ ಕಾಯುವವನೂ ಬಸ್ಸಿಗೆ ಕಾಯುವವನೂ ಕನ್ನಡದಲ್ಲಿ ಒಂದೇ ಕೆಲಸ ಮಾಡುತ್ತಾರೆ. ತಡಿ, ತಾಳು, ಕಾಯಿ: ಇನ್ನೊಬ್ಬರನ್ನು ತುಸು ಹೊತ್ತು ನಿಲ್ಲಿಸಲು ನಾವು ಹೇಳುವ ಈ ಮೂರೂ ಮಾತು ಹಿಡಿದಿಡುವ ಮಾತುಗಳೇ!